ಎರಡು ಸೀಟು, ಒಂದು ಕಿಟಕಿ

ಆ ಕಾರನ್ನು ಹೊಲಿಗೆಯಮ್ಮ ಮೊದಲ ಸಲ ಕಂಡ ದಿನ, ಅದು ಪೂರ್ತಿ ಬಂದಿಲ್ಲ ಎಂದೇ ತಿಳಿದರು. ಲಾರಿಯೊಂದರ ಬೆನ್ನ ಮೇಲೆ ಹಗ್ಗ ಬಿಗಿಸಿಕೊಂಡು ಬಂದ ಕೆಂಪು ಕಾರು. ಸೊಂಟದೆತ್ತರಕ್ಕೂ ಬಾರದು, ಮೇಲೆ ಚಾವಣಿ ಎಂಬುದಿಲ್ಲ. ಕೆಳಗಿನ ಅರ್ಧವನ್ನು ಇವತ್ತು ಕಳಿಸಿ ಮೇಲಿನ ಅರ್ಧವನ್ನು ನಾಳೆ ಕಳಿಸುತ್ತಾರೇನೋ ಎಂದುಕೊಂಡು, ಕೈಯಲ್ಲಿದ್ದ ಕತ್ತರಿಯನ್ನೂ ಕೆಳಗಿಡದೆ ಗೇಟಿನ ಬಳಿ ಬಂದು ತಮ್ಮನನ್ನು ಕೇಳಿದರು.

“ಮಿಕ್ಕಿದ್ದು ಯಾವಾಗ ಬರುತ್ತೋ?”

“ಮಿಕ್ಕಿದ್ದು ಅಂತ ಏನೂ ಇಲ್ಲ ಅಕ್ಕ. ಇದು ಇರೋದೇ ಹೀಗೆ. ಗಾಳಿ ಕುಡೀತಾ ಹೋಗೋ ಕಾರು.”

“ಸೀಟೂ ಎರಡೇ ಕಾಣ್ತಿದೆ. ಮನೇಲಿ ಮೂರು ಜನ ಇದೀವಿ.”

“ಮೂರನೆಯವರು ಗೇಟು ತೆಗೀಬೇಕಲ್ಲ ಅಕ್ಕ.”

ತಮ್ಮನಿಗೆ ಮನೆಯಲ್ಲಿ ದೊರೆ ಎಂದೇ ಹೆಸರು. ಚಿಕ್ಕಂದಿನಲ್ಲಿ ಯಾವ ಕೆಲಸ ಹೇಳಿದರೂ ಕೂತಲ್ಲಿಂದಲೇ ಅದನ್ನು ಇನ್ನೊಬ್ಬರಿಗೆ ಹೇಳುತ್ತಿದ್ದನೆಂದು ಅಕ್ಕನೇ ಇಟ್ಟ ಹೆಸರದು. ದೊಡ್ಡವನಾಗಿ ನೀರು ಸರಬರಾಜು ಕಚೇರಿ ಸೇರಿದ. ಇಡೀ ನೌಕರಿಯನ್ನು ಪೈಪು ಸೋರುವ ದೂರುಗಳ ಮೇಲೆ ಸಹಿ ಹಾಕುತ್ತ ಕಳೆದ. ನಿವೃತ್ತನಾದಾಗ ಕೈಗೆ ಬಂದ ಗಂಟಿನಲ್ಲಿ ಈ ಕಾರು ಕೊಂಡ. (ಸೋರುವ ವಸ್ತುಗಳ ಮೇಲಿನ ಮೋಹ ಅವನಿಗೆ ನೌಕರಿಯೊಂದಿಗೆ ಮುಗಿದಿರಲಿಲ್ಲ ಎನ್ನುವುದು ಮೊದಲ ಮಳೆಗೆ ತಿಳಿಯಿತು.)

ಮನೆ ಹೊಲಿಗೆಯಮ್ಮನ ಗಂಡ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ದೊರೆಯೂ ಅವನ ಹೆಂಡತಿಯೂ ಮಹಡಿಗೆ ಬಂದು ಸೇರಿದ್ದರು. ಕೆಳಗೆ ಹೊಲಿಗೆಯಮ್ಮ. ಮನೆಯ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಶೆಡ್ಡು. ಅದಕ್ಕೆ ರಸ್ತೆಯ ಕಡೆಗೆ ಅಗಲವಾದ ಜೋಡಿ ಬಾಗಿಲು, ಹಿಂದಿನ ಗೋಡೆಗೆ ಉತ್ತರಕ್ಕೆ ಮುಖ ಮಾಡಿದ ದೊಡ್ಡ ಕಿಟಕಿ. ಆ ಕಿಟಕಿಯ ಬೆಳಕು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹದದಲ್ಲಿರುತ್ತಿತ್ತು. ಸೂಜಿಯ ಕಣ್ಣು ತಾನಾಗಿಯೇ ತೆರೆದುಕೊಂಡಂತೆ ಕಾಣುತ್ತಿತ್ತು. ಹೊಲಿಗೆಯಮ್ಮನ ಕೈಮೆಷಿನ್ನು ಅದರ ಕೆಳಗೆ. ಓದು ಬರಹ ಅವರಿಗೆ ಅಷ್ಟಕ್ಕಷ್ಟೆ. ಅಂಕಿ ಬರೆಯುತ್ತಾರೆ, ಹೆಸರು ಬರೆಯುತ್ತಾರೆ, ಜಗತ್ತಿನ ಮಿಕ್ಕ ಸಂಗತಿಗಳನ್ನು ಟೇಪು ಹಿಡಿದು ತಿಳಿಯುತ್ತಾರೆ. ಆದರೆ ಅವರು ಹೊಲಿದ ಕೋಟು ತೊಟ್ಟವರು ಹರಿಯುವವರೆಗೂ ಅದನ್ನೇ ತೊಡುತ್ತಿದ್ದರು, ಅದು ಹರಿಯುತ್ತಲೂ ಇರಲಿಲ್ಲ.

“ಅಕ್ಕ, ಕಾರನ್ನ ಎರಡು ದಿನ ಶೆಡ್ಡಲ್ಲಿ ನಿಲ್ಲಿಸ್ಕೊಳ್ತೀನಿ,” ಎಂದ ದೊರೆ. “ಇದರ ಮಡಚೋ ಬಟ್ಟೆ ಟಾಪು ಸ್ವಲ್ಪ ಹಳೇದು. ಮಳೆ ಬಂದರೆ ಒಳಗೆ ನೀರಾಗುತ್ತೆ.”

“ಮೆಷಿನ್ನು?”

“ಮೆಟ್ಟಿಲ ಕೆಳಗೆ ಜಾಗ ಇದೆಯಲ್ಲ. ತಂಪಾಗಿದೆ.”

ಮೆಷಿನ್ನು ಮೆಟ್ಟಿಲ ಕೆಳಗೆ ಹೋಯಿತು. ಕಾರು ಕಿಟಕಿಗೆ ಮೂಗು ತಾಗಿಸಿಕೊಂಡು ನಿಂತಿತು. ಜಗತ್ತಿನ ಅತ್ಯುತ್ತಮ ಬೆಳಕೆಲ್ಲ ಈಗ ಒಂದು ಎಂಜಿನ್ನಿನ ಮೇಲೆ ಬೀಳತೊಡಗಿತು.

ಆ ಎಂಜಿನ್ನಿಗೆ ಬೆಳಕು ಬೇಕಾಗಿತ್ತು ಎನ್ನುವುದನ್ನು ಮಾತ್ರ ಒಪ್ಪಲೇಬೇಕು. ಅದನ್ನು ನೋಡಲು ಬಂದ ಮೆಕ್ಯಾನಿಕ್ ಬಾನೆಟ್ಟು ಎತ್ತಿ, ಒಳಗೆ ತಲೆ ಹಾಕಿ, ಸಾವಿನ ಮನೆಗೆ ಬಂದವನಂತೆ ಲೊಚಗುಟ್ಟಿದ.

“ಏನಾಗಿದೆ?” ಎಂದ ದೊರೆ.

“ಒಂದು ಆಯಿಲ್ ಸೀಲು ಹೋಗಿದೆ ಸರ್. ಇಷ್ಟೇ ಇಷ್ಟು. ಉಂಗುರದಷ್ಟು.”

“ಅಷ್ಟೇನಾ?”

“ಅಷ್ಟೇ ಸರ್. ಸೀಲು ಅಗ್ಗ. ಅದರ ಹತ್ತಿರ ಹೋಗೋದೇ ದುಬಾರಿ. ಎಂಜಿನ್ ಇಳಿಸ್ಬೇಕು.”

“ಸೀಲು ಸಿಗುತ್ತಾ?”

“ಇಂಥ ಗಾಡಿ ಮಾಡಿದ್ದೇ ಕೆಲವು ಸರ್. ಸಿಗಲ್ಲ,” ಎಂದ ಮೆಕ್ಯಾನಿಕ್, ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡವನಂತೆ. “ತರಿಸ್ಬೇಕು.”

“ಇದನ್ನ ಮಾಡಿದ ಕಂಪನಿ ಕೊಡೋದಿಲ್ವೇನಯ್ಯ?”

“ಕಂಪನಿ ಮುಚ್ಚಿಹೋಯ್ತು ಸರ್. ಇದನ್ನ ಮಾಡಿದ ಮೇಲೇನೇ.”

ಸೀಲು ಹಡಗಿನಲ್ಲಿ ಬಂತು. ಸೀಲು ಸರಿಹೋದ ಕೂಡಲೇ ರೇಡಿಯೇಟರ್ ಕುದಿಯತೊಡಗಿತು. ಅದು ಕುದಿಯದಿರಬೇಕಾದರೆ ಹೀಟರ್ ಹಾಕಿಕೊಂಡು ಓಡಿಸಬೇಕು, ಎಂಜಿನ್ನಿನ ಬಿಸಿಯೆಲ್ಲ ಕಾಲಿಗೆ ಬಂದು ಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳಿಕೊಟ್ಟ. ಹಾಗಾಗಿ ನೆತ್ತಿ ಸುಡುವ ಬಿಸಿಲಿನಲ್ಲಿ, ಕಾಲಿಗೆ ಬಿಸಿಗಾಳಿ ಬಿಟ್ಟುಕೊಂಡು, ಗಾಳಿ ಕುಡಿಯುವ ಕಾರಿನಲ್ಲಿ ದೊರೆ ಸವಾರಿ ಹೊರಟ. ಎಡಗಡೆಯ ಇಂಡಿಕೇಟರ್ ಹಾಕಿದರೆ ವೈಪರ್ ಆಡುತ್ತಿತ್ತು. ಬೇಕೆಂದಾಗ ಮೇಲೇಳಬೇಕಾದ ಎರಡು ಹೆಡ್‌ಲೈಟುಗಳಲ್ಲಿ ಒಂದು ಮಾತ್ರ ಏಳುತ್ತಿತ್ತು. ಎದುರು ಬಂದ ಹೆಂಗಸರಿಗೆಲ್ಲ ಕಾರು ಕಣ್ಣು ಹೊಡೆದು, ದೊರೆ ಎರಡು ಕಡೆ ಕ್ಷಮೆ ಕೇಳಿ ಬರಬೇಕಾಯಿತು.

ಈ ಎಲ್ಲ ರಿಪೇರಿಗಳ ವೆಚ್ಚವನ್ನು ದೊರೆಯ ಹೆಂಡತಿ ತನ್ನದೇ ಲೆಕ್ಕದಲ್ಲಿ ಹೇಳುತ್ತಿದ್ದಳು. ಅವಳಿಗೆ ಹಣದ ಅಂಕಿಯಲ್ಲಿ ನಂಬಿಕೆಯಿಲ್ಲ. ಎಂಜಿನ್ ಇಳಿಸಿದ ಬಿಲ್ಲು ಬಂದ ದಿನ, “ನಾನು ತಗೋಬೇಕಿದ್ದ ಫ್ರಿಜ್ಜು ಹೋಯ್ತು,” ಎಂದಳು. ಆಮೇಲೆ ಕಾರಿನ ಭಾಗಗಳಿಗೆಲ್ಲ ಅವೇ ಹೆಸರಾದವು.

“ಅತ್ತಿಗೆ, ಇವತ್ತು ನನ್ನ ವಾಷಿಂಗ್ ಮೆಷಿನ್ನು ಜಾರ್ತಿದೆಯಂತೆ,” ಎಂದರೆ ಕ್ಲಚ್ಚು ಎಂದರ್ಥ. “ಸೋಫಾ ಸೆಟ್ಟು ಕುದೀತಿದೆ,” ಎಂದರೆ ರೇಡಿಯೇಟರ್.

“ಲೇ, ಅದು ಬರೀ ಕಾರಲ್ಲ ಕಣೇ,” ಎನ್ನುತ್ತಿದ್ದ ದೊರೆ. “ಅದೊಂದು ಕಲಾಕೃತಿ.”

“ಹಾಗಾದ್ರೆ ಗೋಡೆಗೆ ನೇತುಹಾಕ್ರೀ. ಪೆಟ್ರೋಲಾದ್ರೂ ಉಳಿಯುತ್ತೆ.”

ಮೆಕ್ಯಾನಿಕ್‌ಗೆ ಮಾತ್ರ ಆ ಕಾರಿನ ಮೇಲೆ ಸ್ವಂತ ಮಗಳ ಮೇಲಿದ್ದಷ್ಟೇ ಪ್ರೀತಿ. ಆ ಮಗಳ ಕಾಲೇಜಿನ ಫೀಜು ಕಟ್ಟುತ್ತಿದ್ದುದು ಈ ಕಾರೇ.

ಇಷ್ಟೆಲ್ಲ ನಡೆಯುತ್ತಿದ್ದಾಗ ಹೊಲಿಗೆಯಮ್ಮ ಸುಮ್ಮನಿದ್ದರು. ಅವರದು ಅಂಥ ಸ್ವಭಾವ. ಗಂಟು ಬಿದ್ದ ದಾರವನ್ನು ಕತ್ತರಿಸಿದವರಲ್ಲ, ಕೂತು ಬಿಡಿಸಿದವರು. ಎರಡು ದಿನವೆಂದವನು ಎರಡು ತಿಂಗಳಾದರೂ ಕಾರು ತೆಗೆಯದಿದ್ದಾಗ, ದೊರೆಯ ಎರಡು ದಿನ ಯಾವಾಗಲೂ ಕೊಂಚ ಉದ್ದವೇ ಎಂದುಕೊಂಡರು. ಮೆಟ್ಟಿಲ ಕೆಳಗೆ ತಲೆಯ ಮೇಲೆ ಬಲ್ಬು ಹಚ್ಚಿಕೊಂಡು ಹೊಲಿದರು. ಬಲ್ಬಿನ ಬೆಳಕಿಗೆ ತಮ್ಮದೇ ಕೈಯ ನೆರಳು ಸೂಜಿಯ ಮೇಲೆ ಬೀಳುತ್ತಿತ್ತು. ಆ ನೆರಳಿನಲ್ಲೇ ಆಸ್ಪತ್ರೆಯ ನರ್ಸೊಬ್ಬರ ಕಡುನೀಲಿ ಕೋಟನ್ನು ಹೊಲಿದು ಮುಗಿಸಿದರು.

ನರ್ಸಮ್ಮ ಕೋಟು ತೊಟ್ಟು ನಿಂತಾಗ ಒಂದು ಕೈ ಸರಿಯಾಗಿ ಹೋಯಿತು. ಇನ್ನೊಂದು ಕೈ ಬೆನ್ನ ಹಿಂದಿನಿಂದ ಯಾರನ್ನೋ ಕರೆಯುವಂತೆ ತಿರುಗಿಕೊಂಡಿತು. ಎರಡು ಕಡೆಗೂ ಎಡಗೈ ತೋಳನ್ನೇ ಹೊಲಿದಾಗಿತ್ತು. ಮೇಲಾಗಿ ಕಡುನೀಲಿಗೆ ಕಪ್ಪು ದಾರ.

ಆಕೆ ಬೈದಿದ್ದರೆ ಹೊಲಿಗೆಯಮ್ಮನಿಗೆ ಸಮಾಧಾನವಾಗುತ್ತಿತ್ತು. ಆಕೆ ಬೈಯಲಿಲ್ಲ.

“ಪರವಾಗಿಲ್ಲ ಬಿಡಿ ಅಮ್ಮ,” ಎಂದರು ನರ್ಸಮ್ಮ, ರೋಗಿಗಳ ಜೊತೆ ಮಾತಾಡುವ ದನಿಯಲ್ಲಿ. “ನಿಮಗೂ ವಯಸ್ಸಾಯ್ತಲ್ಲ. ಎಷ್ಟು ದಿನ ಅಂತ ಹೊಲೀತೀರಿ.”

ಆ ರಾತ್ರಿ ಹೊಲಿಗೆಯಮ್ಮನಿಗೆ ಊಟ ಸೇರಲಿಲ್ಲ. ವಯಸ್ಸಾಯಿತು ಎಂಬ ಮಾತು ಒಬ್ಬರ ಬಾಯಿಂದ ಹೊರಟರೆ ಬೀದಿಯ ಕೊನೆಯವರೆಗೆ ತಾನೇ ನಡೆದುಕೊಂಡು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಬರುವವರು ಕೋಟು ತರುವುದಿಲ್ಲ. ಗುಂಡಿ ಹಾಕಿಸಲು ಬರುತ್ತಾರೆ, ಅದೂ ಕನಿಕರಕ್ಕೆ. ವಯಸ್ಸಾದದ್ದು ಕಣ್ಣಿಗಲ್ಲ, ಬೆಳಕಿಲ್ಲದ್ದಕ್ಕೆ ಹೀಗಾಯಿತು ಎಂದು ಯಾರಿಗೆಂದು ಹೇಳುವುದು? ಕಿಟಕಿ ಬೇಕು. ಕಿಟಕಿ ಬೇಕಾದರೆ ಕಾರು ಹೊರಗೆ ಹೋಗಬೇಕು.

ಬೆಳಿಗ್ಗೆ ದೊರೆ, ಹಿಂದಿನ ದಿನ ದಾರಿಯಲ್ಲಿ ಮಳೆಗೆ ಸಿಕ್ಕಿದ್ದ ಕಾರಿನೊಳಗೆ ಕಾಲಿಡುವ ಜಾಗದಲ್ಲಿ ನಿಂತ ನೀರನ್ನು ಸ್ಪಂಜಿನಿಂದ ಹಿಂಡಿ ಬಕೆಟ್ಟಿಗೆ ಹಾಕುತ್ತಿದ್ದ.

“ದೊರೆ, ಇದು ಹೊರಗೆ ನಿಲ್ಲೋಕಾಗದೇ ಇರೋದು ಟಾಪು ಸೋರುತ್ತೆ ಅಂತ ತಾನೇ?”

“ಹೂಂ ಅಕ್ಕ. ಬಟ್ಟೆ ಹಣ್ಣಾಗಿದೆ. ಹಿಂದಿನ ಪ್ಲಾಸ್ಟಿಕ್ ಕಿಟಕೀನೂ ಸೀಳಿದೆ. ಹೊಸ ಟಾಪು ತರಿಸೋಣ ಅಂದ್ರೆ...”

“ಅಂದ್ರೆ ನನ್ನ ಅಡುಗೆಮನೆ ಪೂರ್ತಿ,” ಎಂದಳು ಮಹಡಿಯಿಂದ ಹೆಂಡತಿ.

“ನಾನು ಹೊಲಿದುಕೊಡ್ತೀನಿ,” ಎಂದರು ಹೊಲಿಗೆಯಮ್ಮ. “ಒಂದು ಹನಿ ಒಳಗೆ ಬರದ ಹಾಗೆ. ಆಮೇಲೆ ಹೊರಗೆ ನಿಲ್ಲಿಸ್ತೀಯಾ?”

ದೊರೆ ಕಾರನ್ನು ನೋಡಿದ, ಅಕ್ಕನನ್ನು ನೋಡಿದ, ಕೈಯಲ್ಲಿದ್ದ ಸ್ಪಂಜನ್ನು ನೋಡಿದ. “ಒಂದು ಹನೀನೂ ಬರದೇ ಇದ್ದರೆ, ಆಣೆಗೂ ಹೊರಗೇ,” ಎಂದ.

ಮರುದಿನ ಹೊಲಿಗೆಯಮ್ಮ ಟೇಪು ತಂದು ಕಾರಿನ ಅಳತೆ ತೆಗೆದುಕೊಂಡರು. ಗಿರಾಕಿಗಳಿಗೆ ತೆಗೆದುಕೊಳ್ಳುವ ಕ್ರಮದಲ್ಲೇ ತೆಗೆದುಕೊಂಡರು: ಹೆಗಲು, ಎದೆ, ಬೆನ್ನಿನ ಉದ್ದ, ಕತ್ತಿನ ಸುತ್ತು. ಟಾಪಿನ ಕಬ್ಬಿಣದ ಕಮಾನುಗಳನ್ನು ಎತ್ತಿ ನಿಲ್ಲಿಸಲು ದೊರೆಗೆ ಹೇಳಿ, ಅವುಗಳ ಮೇಲೆ ಕಾಗದ ಹೊದಿಸಿ ಕತ್ತರಿಸಿದರು. ದಪ್ಪ ಕ್ಯಾನ್ವಾಸು ತರಿಸಿ ಮೇಣ ಉಜ್ಜಿದರು. ಮೆಟ್ಟಿಲ ಕೆಳಗೆ ಕ್ಯಾನ್ವಾಸು ಹಿಡಿಸದ್ದರಿಂದ ಅಂಗಳಕ್ಕೆ ಚಾಪೆ ಹಾಕಿ ಕೂತು, ಬಿಸಿಲಿನ ಜೊತೆ ಜರುಗುತ್ತ, ಒಂದೊಂದು ಅಂಚಿಗೂ ಎರಡೆರಡು ಹೊಲಿಗೆ ಕೊಟ್ಟರು. ಸೂಜಿ ತೂತಿನಲ್ಲಿ ನೀರು ನುಗ್ಗದಿರಲಿ ಎಂದು ಪ್ರತಿ ಹೊಲಿಗೆಯ ಮೇಲೂ ಮತ್ತೆ ಮೇಣ.

“ಅಮ್ಮ, ಇದು ಗಾಡಿ,” ಎಂದ ಮೆಕ್ಯಾನಿಕ್, ನಡುವೆ ಒಮ್ಮೆ ಬಂದವನು. “ಮದುವೆ ಸೂಟಲ್ಲ.”

“ಸೂಟಿಗೆ ಇಷ್ಟು ಹೊಟ್ಟೆ ಇರಲ್ಲಪ್ಪ. ನೀನು ನಿನ್ನ ಸ್ಪ್ಯಾನರ್ ನೋಡ್ಕೋ.”

ಪರೀಕ್ಷೆಯ ದಿನ ದೊರೆ ಕಾರಿನೊಳಗೆ ಕೂತ. ಟಾಪು ಅವನ ತಲೆಯ ಮೇಲೆ ಡೋಲಿನ ಚರ್ಮದಂತೆ ಬಿಗಿದು ನಿಂತಿತ್ತು. ನೀರಿನ ಪೈಪು ಹೆಂಡತಿಯ ಕೈಯಲ್ಲಿ. ಅಷ್ಟು ಹುರುಪಿನಿಂದ ಅವಳು ಗಿಡಗಳಿಗೂ ಎಂದೂ ನೀರು ಬಿಟ್ಟವಳಲ್ಲ. ಮುಂದಿನಿಂದ ಬಿಟ್ಟಳು, ಪಕ್ಕದಿಂದ ಬಿಟ್ಟಳು, ಫ್ರಿಜ್ಜಿಗಿಷ್ಟು, ಸೋಫಾ ಸೆಟ್ಟಿಗಿಷ್ಟು ಎಂದು ಹೇಳಿಕೊಂಡೇ ಬಿಟ್ಟಳು. ದೊರೆ ಹೊರಬಂದಾಗ ಅಂಗಿ ಗರಿಗರಿಯಾಗಿತ್ತು.

“ಒಂದು ಹನಿ ಇಲ್ಲ,” ಎಂದ, ಕೊಂಚ ನಿರಾಸೆಯಿಂದಲೇ.

ಅಂದೇ ಕಾರು ಹೊರಗೆ ಹೋಯಿತು. ಮೆಷಿನ್ನು ಕಿಟಕಿಯ ಕೆಳಗೆ ಬಂತು. ಹೊಲಿಗೆಯಮ್ಮ ನರ್ಸಮ್ಮನ ಕೋಟಿನ ತೋಳು ಬಿಚ್ಚಿ, ನೀಲಿಗೆ ನೀಲಿ ದಾರವನ್ನೇ ಏರಿಸಿ, ಮೊದಲ ಪ್ರಯತ್ನಕ್ಕೇ ಸೂಜಿ ಪೋಣಿಸಿದರು. ರಾಜ್ಯ ಮರಳಿ ಸಿಕ್ಕ ಮಹಾರಾಣಿಗೂ ಅಷ್ಟು ಸಂತೋಷವಾಗಿರಲಾರದು.

ಆ ರಾಜ್ಯಭಾರ ಭಾನುವಾರದವರೆಗೆ ನಡೆಯಿತು.

ಭಾನುವಾರ ಆಕಾಶ ತಿಳಿಯಾಗಿತ್ತು. ದೊರೆ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡದ ರಸ್ತೆಗೆ ಹೊರಟ. ಎತ್ತರಕ್ಕೆ ಹೋಗಿ, ಗಾಡಿ ನಿಲ್ಲಿಸಿ, “ನೋಡು ಈಗ,” ಎಂದು ಟಾಪನ್ನು ಹಿಂದಕ್ಕೆ ಮಡಚಲು ಹೊರಟನಂತೆ. ಟಾಪು ಅರ್ಧ ಎದ್ದಿತು. ಅಲ್ಲಿಗೆ ನಿಂತಿತು. ಮೇಲಕ್ಕೂ ಬಾರದು, ಕೆಳಗೂ ಹೋಗದು. ದೊರೆ ತಳ್ಳಿದ, ಎಳೆದ, ಬೇಡಿಕೊಂಡ. ಅಷ್ಟರಲ್ಲಿ ಗಾಳಿ ಬೀಸಿ ಟಾಪು ಹಡಗಿನ ಹಾಯಿಯಂತೆ ಉಬ್ಬಿತು. ಹೋಗುವಾಗ ಕೆಮ್ಮುತ್ತ ಏರಿದ್ದ ಕಾರು ಬರುವಾಗ ಆಕ್ಸಿಲರೇಟರ್ ಒತ್ತದೆಯೇ ಬಂತು.

ಗೇಟು ತೆಗೆಯಲು ಬಂದ ಹೊಲಿಗೆಯಮ್ಮ ಅದನ್ನು ಬೀದಿಯ ತಿರುವಿನಿಂದಲೇ ಕಂಡರು. ಕೂಸನ್ನು ತಳ್ಳುವ ಗಾಡಿಯ ಕೊಡೆಯಂತೆ ತಮ್ಮ ಟಾಪು ಸೆಟೆದು ನಿಂತಿದೆ. ಅದರ ಕೆಳಗೆ ದೊರೆ, ಮುಖ ಕೆಂಪಗೆ. ಪಕ್ಕದಲ್ಲಿ ಅವನ ಹೆಂಡತಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

“ಅಳ್ತಾ ಇದೀಯೇನಮ್ಮ?”

“ಇಲ್ಲ ಅತ್ತಿಗೆ, ನಕ್ಕೂ ನಕ್ಕೂ ನೀರು. ಇಷ್ಟು ದಿನದಲ್ಲಿ ಮೊದಲನೇ ಸಲ ಈ ಕಾರಿಂದ ನಂಗೆ ಸುಖ ಸಿಕ್ತು.”

ಹೊಲಿಗೆಯಮ್ಮನಿಗೆ ನಗು ಬರಲಿಲ್ಲ. ತಪ್ಪು ಎಲ್ಲಿ ಎಂದು ಅವರಿಗೆ ನೋಡಿದೊಡನೆ ತಿಳಿಯಿತು. ಪ್ಯಾಂಟು ಹೊಲಿಯುವಾಗ ಪ್ರತಿ ಗಿರಾಕಿಯನ್ನೂ ನಿಲ್ಲಿಸಿ ಅಳೆದ ಮೇಲೆ, ಒಂದು ಸಲ ಕೂತು ತೋರಿಸಿ ಎನ್ನುವುದು ಅವರ ಪದ್ಧತಿ. ನಿಂತಾಗ ಚೆಂದ ಕಾಣುವ ಪ್ಯಾಂಟು ಕೂತಾಗ ಹರಿಯುತ್ತದೆ. ಮಡಚುವ ಜಾಗದಲ್ಲಿ ಬಟ್ಟೆ ಬಿಡಬೇಕು. ಕಾರನ್ನು ಅವರು ನಿಲ್ಲಿಸಿ ಅಳೆದಿದ್ದರು. ಕೂರಿಸಿ ನೋಡಿರಲಿಲ್ಲ. ಮಡಚುವ ಟಾಪಿನ ಮಂಡಿಗೆ ಒಂದಂಗುಲ ಬಟ್ಟೆ ಬಿಟ್ಟಿರಲಿಲ್ಲ.

“ಚೆನ್ನಾಗೇ ಹೊಲಿದಿದೀಯ ಅಕ್ಕ,” ಎಂದ ದೊರೆ, ಇಳಿಯುತ್ತ. “ಬಿಡು, ಇನ್ಮೇಲೆ ಟಾಪು ಹಾಕ್ಕೊಂಡೇ ಓಡಿಸ್ತೀನಿ. ನಂಗೂ ವಯಸ್ಸಾಯ್ತು. ಗಾಳಿ ಯಾಕೆ.”

ಬೈಯದೆ ಬಿಡುವವರು ಹೆಚ್ಚಾಗುತ್ತಿದ್ದಾರೆ ಎಂದು ಹೊಲಿಗೆಯಮ್ಮನಿಗೆ ಭಯವಾಯಿತು. ಬೀದಿಯಲ್ಲಿ ಬಾಗಿಲಿಗೊಬ್ಬರು ನಿಂತು ಟಾಪನ್ನು ನೋಡುತ್ತಿದ್ದರು. ನರ್ಸಮ್ಮನ ಕೋಟಾದರೂ ಮನೆಯಿಂದಾಚೆ ಹೋಗಿರಲಿಲ್ಲ. ಇದು ಗುಡ್ಡದವರೆಗೆ ಹೋಗಿ, ಎಲ್ಲರಿಗೂ ಮುಖ ತೋರಿಸಿ ಬಂದಿತ್ತು.

“ಕಾರನ್ನ ಒಳಗೆ ಬಿಡು,” ಎಂದರು.

“ಎಲ್ಲಿಗೆ?”

“ಶೆಡ್ಡಿಗೆ ಕಣೋ. ಹಿಮ್ಮುಖವಾಗಿ ಬಿಡು. ಟಾಪು ಕಿಟಕಿ ಕಡೆ ಬರಲಿ. ಬೆಳಕಲ್ಲಿ ಬಿಚ್ಚಬೇಕು.”

ಮೆಷಿನ್ನನ್ನು ಈ ಸಲ ತಾವೇ ಎತ್ತಿ ಆಚೆಗಿಟ್ಟರು.

ಟಾಪು ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟವಾಯಿತು. ಅಷ್ಟು ಗಟ್ಟಿ ಹೊಲಿಗೆ ಹಾಕಿದವರನ್ನು ಹೊಲಿಗೆಯಮ್ಮ ಮನಸ್ಸಿನಲ್ಲೇ ಬೈದುಕೊಂಡರು. ಕಮಾನನ್ನು ಸ್ವಲ್ಪ ಮಡಚಿ, ಬಟ್ಟೆ ಎಲ್ಲಿ ಎಳೆಯುತ್ತದೆಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಸ್ವಲ್ಪ ಮಡಚಿ ನೋಡಬೇಕು. ಇದನ್ನು ಹೊರಗೆ ನಿಂತು ಮಾಡಿ ಸೊಂಟ ಹಿಡಿದುಕೊಂಡಿತು. ಹಾಗಾಗಿ ಒಂದು ದಿನ ಬಾಗಿಲು ತೆಗೆದು, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತರು.

ಕೂತವರು ಸ್ವಲ್ಪ ಹೊತ್ತು ಏನೂ ಮಾಡಲಿಲ್ಲ.

ಸೀಟು ತಗ್ಗಾಗಿತ್ತು, ಕಾಲು ನೀಳವಾಗಿ ಚಾಚುತ್ತಿತ್ತು. ಅವರ ಬೆನ್ನು ಇಷ್ಟು ವರ್ಷ ಮರದ ಸ್ಟೂಲಿನಲ್ಲಿ ಕೂತು ಕೂತು ತನಗೊಂದು ಒರಗು ಬೇಕೆನ್ನುವುದನ್ನೇ ಮರೆತಿತ್ತು. ಈಗ ಯಾರೋ ಹಿಂದಿನಿಂದ ಎರಡು ಕೈಯಲ್ಲಿ ಹಿಡಿದುಕೊಂಡಂತಾಯಿತು. ಉತ್ತರದ ಬೆಳಕು ಟಾಪಿಲ್ಲದ ಕಾರಿನೊಳಕ್ಕೆ ನೇರವಾಗಿ ಬಂದು ಮಡಿಲಲ್ಲಿ ಬೀಳುತ್ತಿತ್ತು. ಚಾವಣಿಯಿರುವ ಕಾರಾಗಿದ್ದರೆ ಅದು ಸಾಧ್ಯವಿರಲಿಲ್ಲ. ದೊರೆ ಹೇಳಿದ ಕಲಾಕೃತಿ ಎಂಬ ಮಾತನ್ನು ಹೊಲಿಗೆಯಮ್ಮ ಮೊದಲ ಬಾರಿಗೆ ನಿಧಾನವಾಗಿ ಯೋಚಿಸಿದರು.

ಮೊದಲು ನರ್ಸಮ್ಮನ ಕೋಟಿನ ಗುಂಡಿಯ ಕಾಜಗಳನ್ನಷ್ಟೇ ಅಲ್ಲಿ ಕೂತು ನೀಲಿ ದಾರದಲ್ಲಿ ಮತ್ತೆ ಮಾಡಿದರು. ಆಮೇಲೆ ಅಂಚು ಮಡಚುವ ಹೆಮ್ಮಿಂಗು. ಆಮೇಲೆ, ಬಾಗಿಲಿನ ಅಂಚಿನಿಂದ ಎರಡು ಸೀಟಿನ ನಡುವಿನ ಗೇರಿನ ದಿಬ್ಬದ ಮೇಲಿಟ್ಟ ಪೆಟ್ಟಿಗೆಯವರೆಗೆ ಒಂದು ಗಿಡ್ಡ ಹಲಗೆ ಇಟ್ಟರೆ ಕೈಮೆಷಿನ್ನು ಅದರ ಮೇಲೆ ಅಳೆದಂತೆ ಕೂರುತ್ತದೆ ಎಂದು ಕಂಡುಕೊಂಡರು. ಸ್ಟಿಯರಿಂಗಿನ ಮೇಲೆ ಟೇಪು, ಗೇರಿನ ಕೋಲಿಗೆ ದಾರದ ಉಂಡೆ, ಡ್ಯಾಶ್‌ಬೋರ್ಡಿನ ಪುಟ್ಟ ಖಾನೆಯಲ್ಲಿ ದಾರ ಸುತ್ತಿದ ಬಾಬಿನ್ನುಗಳು. ಡಿಕ್ಕಿಯಲ್ಲಿ ಕತ್ತರಿಸಬೇಕಾದ ಬಟ್ಟೆ. (ಡಿಕ್ಕಿ ಚಿಕ್ಕದು. ಆದರೆ ಲಗೇಜಿಗೆ ಸಾಲದ ಜಾಗ ಬಟ್ಟೆಗೆ ಬೇಕಾದಷ್ಟಾಗುತ್ತದೆ.) ಗಿರಾಕಿಗಳು ಬಂದರೆ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದರು. ಅವರಿಗೂ ಅದು ಹಿತವಾಗಿ, ಸುಮ್ಮನೆ ಒಂದು ಗುಂಡಿ ಕಿತ್ತುಕೊಂಡು ಬಂದವರೂ ಇದ್ದರು.

ಟಾಪು ಎಂದೋ ಮುಗಿದಿತ್ತು. ಈಗ ಒಂದೇ ಕೈಗೆ ಮಡಚುತ್ತಿತ್ತು, ಒಂದೇ ಕೈಗೆ ಏಳುತ್ತಿತ್ತು. ಅದನ್ನು ದೊರೆಗೆ ಹೇಳಲು ಹೊಲಿಗೆಯಮ್ಮನಿಗೆ ಪುರುಸೊತ್ತಾಗಲಿಲ್ಲ.

ಮಹಡಿಯಲ್ಲಿಯೂ ಶಾಂತಿ ನೆಲೆಸಿತ್ತು. ಓಡದ ಕಾರು ಕೆಡುವುದಿಲ್ಲ. ಮೆಕ್ಯಾನಿಕ್ ಎರಡು ಸಲ ಬಂದು, ಮಗಳನ್ನು ನೋಡಲು ಬಂದ ಅಪ್ಪನಂತೆ ಬಾಗಿಲಲ್ಲಿ ನಿಂತು, “ಸ್ಟಾರ್ಟ್ ಮಾಡದೇ ಇಟ್ರೆ ಬ್ಯಾಟರಿ ಹೋಗುತ್ತೆ ಅಮ್ಮ,” ಎಂದು ಆಸೆಯಿಂದ ಹೇಳಿ ಹೋದ. ಮೂರನೆಯ ಸಲ ಬಂದಾಗ, ಉಳಿದ ರಿಪೇರಿ ದುಡ್ಡಿನಲ್ಲಿ ಕೊಂಡ ವಾಷಿಂಗ್ ಮೆಷಿನ್ನು ಹೊತ್ತು ತಂದವರಿಗೆ ಅವನೇ ಗೇಟು ತೆಗೆಯಬೇಕಾಯಿತು. ಇದು ಜಾರುವ ಮೆಷಿನ್ನಲ್ಲ, ಬಟ್ಟೆ ಒಗೆಯುವುದು.

“ನೀವು ಇಳೀಲೇಬೇಡಿ ಅತ್ತಿಗೆ,” ಎಂದಳು ದೊರೆಯ ಹೆಂಡತಿ, ದಿಂಬಿನ ಚೀಲ ಹೊಲಿಸಲು ತಂದವಳು. “ನೀವು ಕೂತಿರೋವರೆಗೂ ಈ ಮನೆ ನೆಟ್ಟಗಿರುತ್ತೆ.”

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ದೊರೆ ತಲೆಗೆ ಟೋಪಿ ಇಟ್ಟು, ಬೀಗದ ಕೈ ಆಡಿಸುತ್ತ ಶೆಡ್ಡಿಗೆ ಬಂದ. ಡ್ರೈವರ್ ಸೀಟಿನಲ್ಲಿ ನರ್ಸಮ್ಮ ಇನ್ನೊಂದು ಕೋಟಿಗೆ ಅಳತೆ ಕೊಟ್ಟು, ಒರಗಿ, ಕಣ್ಣು ಮುಚ್ಚಿದ್ದರು. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರಂತೆ. ಪಕ್ಕದಲ್ಲಿ ಹೊಲಿಗೆಯಮ್ಮ ಮೆಷಿನ್ನಿನ ಹಿಡಿ ತಿರುಗಿಸುತ್ತಿದ್ದರು.

“ಟಾಪು ಆಗಿದೆಯಲ್ಲ ಅಕ್ಕ,” ಎಂದ ದೊರೆ, ಹಿಂದೆ ನೀಟಾಗಿ ಮಡಚಿ ಕೂತಿದ್ದನ್ನು ನೋಡಿ.

“ಆಗಿದೆ. ಅಂಚು ಸ್ವಲ್ಪ ನೋಡಬೇಕು.”

“ಸರಿ, ಹೊರಗೆ ತೆಗೀತೀನಿ. ಮಾತು ಕೊಟ್ಟಿದೀನಲ್ಲ. ನಿನ್ನ ಕಿಟಕಿ ನಿನಗೆ.”

“ಹೊರಗೆ ಯಾಕೋ?” ಎಂದರು ಹೊಲಿಗೆಯಮ್ಮ, ಹಿಡಿ ತಿರುಗಿಸುವುದನ್ನು ನಿಲ್ಲಿಸದೆ. “ಬಿಸಿಲಿಗೆ ಬಣ್ಣ ಹೋಗುತ್ತೆ. ಧೂಳು ಬೇರೆ. ಇಂಥ ಕಾರನ್ನ ಯಾರಾದ್ರೂ ಹೊರಗೆ ನಿಲ್ಲಿಸ್ತಾರೇನೋ?”

ಹೇಳಿದ ಮೇಲೆ ಅವರಿಗೇ ತಾವು ಹೇಳಿದ್ದು ಕೇಳಿಸಿತು. ಹೊಲಿಗೆ ಒಂದಿಷ್ಟು ಸೊಟ್ಟ ಹೋಯಿತು. ತಲೆ ಎತ್ತದೆ ಬಿಚ್ಚಲು ಕತ್ತರಿ ಹುಡುಕಿದರು. ಅದು ಹ್ಯಾಂಡ್ ಬ್ರೇಕಿಗೆ ನೇತಾಡುತ್ತಿತ್ತು.

ದೊರೆ ಬಾಗಿಲಿಗೆ ಒರಗಿದ. ನರ್ಸಮ್ಮನ ಸಣ್ಣ ಗೊರಕೆ ಕೇಳಿದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

“ಅಕ್ಕ,” ಎಂದ, ಮಲಗಿದ್ದವರಿಗೆ ಎಚ್ಚರವಾಗದಷ್ಟು ಮೆಲ್ಲಗೆ, “ನರ್ಸಮ್ಮ ಎದ್ದು ಹೋದ ಮೇಲೆ, ನಿನಗೆ ತೊಂದರೆ ಆಗದೇ ಇದ್ದರೆ, ನನ್ನ ಕಾರಲ್ಲಿ ನಾನು ಒಂದೈದು ನಿಮಿಷ ಕೂತ್ಕೊಳ್ಳಲಾ?”